ಆನಿ ತಿಕ್ಕಿದ್ರೂ ಹರೀಬಾರ್ದು

ಹೈದರಾಬಾದಿನ ಸೇಠ್ ಫೋನಿನಾಗ ಫೋಟೋ ತೋರ್ಸಿದ:
ಕೆಂಪು ಉಸುಕು, ಒಂದು ಒಣ ಜಾಲಿಗಿಡ,
ಅದರ ಬುಡಕ್ಕ ಕಂದು ಬಣ್ಣದ ಡೇರೆ.
ಹನ್ನೆರಡು ಬೇಕು, ಇಂಥಾವೇ. ಆಫ್ರಿಕಾಕ್ಕ ಹೋಗ್ತಾವ.
ಸಿಂಹ ನೋಡಲಿಕ್ಕ ಬಂದವರು ಮಲಗೂ ಡೇರೆ.
ಒಳಗ ಪಲ್ಲಂಗ, ಮೇಜು, ಸ್ನಾನಕ್ಕ ಬಿಳಿ ತೊಟ್ಟಿ.
ಉಸುಕಿನಾಗ ತೊಟ್ಟಿ! ನಮ್ಮ ಓಣಿಗೆ ನಳ ಬರೂದು
ನಾಕು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕ.
ಸೇಠ್ ಅಂದ: ಒಂದೇ ಶರ್ತು,
ಆನಿ ಬಂದು ಮೈ ತಿಕ್ಕಿದ್ರೂ ಹರೀಬಾರ್ದು.

ಲಾಡ್ಲೆಸಾಬ ಸೂಜಿ ಹಲ್ಲಿನಾಗ ಕಚ್ಚಿಕೊಂಡೇ
ಹೂಂ ಅಂದ. ನಲವತ್ತು ವರ್ಷ
ಲಗ್ನದ ಶಾಮಿಯಾನಾ ಹೊಲದ ಕೈ ಅದು,
ಒಂದು ಸಂಜಿ ನಿಂತು ಮಡಚಿಕೊಂಡು ಹೋಗೂ ನೆರಳು.
ನಾ ಝರಣಪ್ಪ, ಅವನ ಕೆಳಗ ಹಿತ್ತಾಳಿ ಕಣ್ಣು ಬಡಿಯಾಂವ.
ಒಂದು ಡೇರೆಗೆ ನೂರಾ ಹತ್ತು ಕಣ್ಣು.
ಹನ್ನೆರಡಕ್ಕ ಎಷ್ಟಂತ ನೀವೇ ಲೆಕ್ಕ ಹಾಕ್ರಿ,
ನನ್ನ ಹೆಬ್ಬಟ್ಟು ಹಾಕಿ ಮುಗಿಸ್ಯದ.

ಬೀದರದಾಗ ಆನಿ ಎಲ್ಲಿಂದ ತರೂದು?
ಚಿದ್ರಿ ಗೌಳೇರ ಬಲ್ಲಿ ಒಂದು ಎಮ್ಮಿ,
ಗ್ವಾಡಿ ಕಂಡ್ರ ಮೈ ತಿಕ್ಕೂದು ಅದರ ಚಟ.
ಮೊದಲನೇ ಡೇರೆ ಬಯಲಿನಾಗ ಕಟ್ಟಿ ಎಮ್ಮಿ ಬಿಟ್ವಿ.
ತಿಕ್ಕಿತು. ಗೂಟ ಜಗ್ಗಿತು. ಇನ್ನೊಮ್ಮೆ ತಿಕ್ಕಿತು.
ಹೊಲಿಗಿ ಹರೀಲಿಲ್ಲ.
ಕಂಪನಿ ಚೀಟಿ ಮಾತ್ರ ನೆಕ್ಕಿ ನೆಕ್ಕಿ ತಿಂದು ಹೋಯ್ತು.
ಪಾಸ್, ಅಂದ ಲಾಡ್ಲೆಸಾಬ.

ಏಳನೇದು ಹೊಲಿಯೂವಾಗ ಕರೆಂಟ್ ಹೋಯ್ತು.
ಕತ್ತಲದಾಗ ಮಾತಾಡಿದ, ನನಗಲ್ಲ, ಕ್ಯಾನ್ವಾಸಿಗೆ:
ಹಬ್ಶಿಕೋಟಿನ ಗುಡ್ಡದ ಮ್ಯಾಲ ಗೋರಿ ಅವ ನೋಡು,
ನಮ್ಮ ದಾದಿ ಗುರುವಾರಕ್ಕೊಮ್ಮೆ ಅಲ್ಲಿಗೆ ಊದಬತ್ತಿ ಒಯ್ತಿದ್ಳು.
ಯಾರ್ದು ಅಂತ ಕೇಳಿದ್ರ
ನಮ್ಮವರ್ದೇ ಇರಬೇಕು, ಅಂತಿದ್ಳು.
ಅವಳ ಕೂದಲದಾಗ ಬಾಚಣಿಗಿ ಇಳೀತಿದ್ದಿಲ್ಲ.
ಹಡಗಿನಾಗ ತಂದ್ರಂತ, ಮಾರಿದ್ರಂತ, ಕತ್ತಿ ಕೊಟ್ರಂತ,
ಕಡೀಕ ಯಾರೋ ಒಬ್ಬಾಂವಗ ಸೂಜಿ ಸಿಕ್ಕದ.
ಕಾಗದ ಪತ್ರ ಏನೂ ಇಲ್ಲಪಾ.
ಕೂದಲ ಒಂದೇ ಸಾಕ್ಷಿ.

ಕರೆಂಟ್ ಬಂತು. ಮಾತು ನಿಂತಿತು.
ಆ ಡೇರೆಗೆ ಒಳಗೊಂದು ಕಿಸೆ, ಬ್ಯಾಟರಿ ಇಡಲಿಕ್ಕ.
ಕಿಸೆಯ ಒಳಮೈಗೆ ಹಳೇ ಶಾಮಿಯಾನದ
ಕೆಂಪು-ಹಳದಿ ತುಂಡೊಂದು ಹಚ್ಚಿದ,
ಅಂಗೈಯಷ್ಟು. ಸೇಠನ ಅಳತಿಯೊಳಗ ಅದು ಇದ್ದಿಲ್ಲ.
ನಾ ನೋಡಿದೆ. ನಾ ನೋಡಲಿಲ್ಲ.

ಹನ್ನೆರಡು ಲಾರಿ ಏರಿ ಹೋದವು.
ಹದಿಮೂರನೇದು ಉಳೀತು: ಖಿಡಕಿ ತಲೆಕೆಳಗ,
ತಪ್ಪು ನಂದೇ.
ಅದನ್ನ ಹೊನ್ನಿಕೇರಿ ಕಾಡಿನ ಬದೀಗೆ
ತೊಗರಿ ಕಟಾವಾದ ಹೊಲದಾಗ ಒಂದು ರಾತ್ರಿ ಕಟ್ಟಿದ್ವಿ.
ನಮ್ದೂ ಸಫಾರಿ, ಅಂದೆ ನಾ, ಬುತ್ತಿ ಬಿಚ್ಚಿ.
ಅಂವ ಡೇರೆಯ ಬಾಗಿಲಾ ಪಡುವಣಕ್ಕ ತಿರುಗಿಸಿ
ಮತ್ತ ಕಿತ್ತು ಮತ್ತ ಕಟ್ಟಿದ. ಯಾಕಂತ ಹೇಳಲಿಲ್ಲ.

ಬೆಳಕು ಹರಿಯೂ ಹೊತ್ತಿಗೆ ಹೊರಗ ಏನೋ ಸರಪರ.
ಬೋರಲ ಮಲಗಿ ತಲೆಕೆಳಗಾದ ಖಿಡಕಿಯಿಂದ ನೋಡಿದ್ರ
ಚಿಗರಿ!
ನಾಕು ಹೆಣ್ಣು, ಒಂದು ಕರೀ ಗಂಡು, ತಿರುವಿದ ಕೋಡು,
ನಮ್ಮ ಕೈಬೆವರಿನ ಉಪ್ಪು ಹಗ್ಗದಿಂದ ನೆಕ್ಕಲತ್ತಾವ.
ಲಾಡ್ಲೆಸಾಬ ಉಸಿರು ಬಿಡಲಿಲ್ಲ.
ಅವು ಜಿಗಿದು ಹೋದ ಮ್ಯಾಲ ಮೆತ್ತಗ ಅಂದ:
ಖಿಡಕಿ ಸರಿ ಅದ ನೋಡು.
ಮಲಗಿದಾಂವನ ಕಣ್ಣಿನ ಎತ್ತರಕ್ಕೇ ಅದ.

ಮೊನ್ನೆ ಸೇಠ್ ಇನ್ನೊಂದು ಫೋಟೋ ಕಳ್ಸಿದ.
ಅಲ್ಲಿಯ ಉಸುಕು. ನಮ್ಮ ಡೇರೆ.
ಬಾಜೂಕ ಖರೇ ಆನಿ, ಮಾಳಿಗಿ ಮನಿಯಷ್ಟು.
ನಾ ಕುಣಿದಾಡಿ ಓಣಿಗೆಲ್ಲ ತೋರಿಸಿ ಬಂದೆ.
ಲಾಡ್ಲೆಸಾಬ ಚಾಳೀಸು ಏರಿಸಿ,
ಆನಿ ಬಿಟ್ಟು, ಮೂಲಿಯ ಹಗ್ಗ ದೊಡ್ಡದು ಮಾಡಿ ನೋಡಿದ.
ಗಂಟು ತಪ್ಪು ಕಟ್ಯಾರ, ಅಂದ. ಗಾಳಿ ಬಂದ್ರ ಏಳ್ತದ.
ಜರಾ ಹೊತ್ತು ಸುಮ್ಮನಿದ್ದ.
ಝರಣಪ್ಪ, ಅಲ್ಲಿ ಗಾಳಿ ಯಾವ ಕಡಿಂದ ಬರ್ತದ?
ನನಗೇನು ಗೊತ್ತು.
ಕೇಳಿ ಹೇಳು, ಅಂದ,
ನೂಲಿಗೆ ಮೇಣ ತಿಕ್ಕೋತ.