ನೂರಕ್ಕೆ ನಾಲ್ಕು

ಫೆಬ್ರವರಿಯ ಬೆಳಗು. ಮಿನ್ಯೋ ನದಿಯ ಮಂಜು
ಹತ್ತುತ್ತ ಹತ್ತುತ್ತ ಮೂರನೆಯ ಪಾವಟಿಗೆಯಲ್ಲಿ
ದಣಿದು ಕೂತಿದೆ.
ರಿಬೇಯ್ರೋ ಅಂದರೆ ಇಷ್ಟೇ: ಗುಡ್ಡ ಕಡಿದು,
ಗ್ರಾನೈಟ್ ಕಲ್ಲನ್ನು ಗಾರೆಯಿಲ್ಲದೆ ಒಂದರ ಮೇಲೊಂದಿಟ್ಟು
ಒಂದೊಂದು ಮೆಟ್ಟಿಲಿಗೆ ಒಂದೊಂದು ಸಾಲು ಬಳ್ಳಿ.
ಮಳೆ ಜೋರಾದರೆ ಮೇಲಿನವನ ಮಣ್ಣು
ಕೆಳಗಿನವನ ಆಸ್ತಿ. ಜಗಳಕ್ಕೆ ಬರಗಾಲವಿಲ್ಲ.

ನೆಲಮಾಳಿಗೆಯ ಉಕ್ಕಿನ ಪೀಪಾಯಿಗಳ ಮೇಲೆ
ಸೋದರತ್ತೆ ಎರ್ಮಿತಾಸಳ ಸೀಮೆಸುಣ್ಣದ ಅಕ್ಷರ,
ವರ್ಷ ವರ್ಷ ಅಳಿಸದೆ ತೀಡಿದ್ದು:
ತ್ರೆಯ್ಶಾದೂರಾ, ದೊಡ್ಡದು, ರೊಟ್ಟಿಯ ಹಾಗೆ,
ಯಾವುದರ ಜತೆಗೂ ಹೊಂದುವುದು.
ಲೌರೇಯ್ರಾ, ಮೂಗಿನ ಹತ್ತಿರ ತಂದರೆ
ಯಾರೋ ಹಸಿ ಎಲೆ ಹರಿದಂತೆ.
ತೊರೊಂತೆಸ್, ಅದರ ಮಾತು ಬೇಡ, ಈ ಸಲ ಹಟ ಹಿಡಿದಿದೆ.
ಕೊನೆಗೆ ಪೀಪಾಯಿ ಎಂದರೆ ದೊಡ್ಡ ಮಾತಾಗುವ
ಹಾಲಿನ ಕ್ಯಾನು: ಲಾದೊ.

ಲಾದೊ ಹಣ್ಣನ್ನು ಹಕ್ಕಿಯೂ ಮುಟ್ಟದು ಅನ್ನುತ್ತಾರೆ.
ಸುಳ್ಳು. ಮುಟ್ಟುತ್ತದೆ, ಆಮೇಲೆ ಮುಖ ಕಿವುಚುತ್ತದೆ.
ಹಲ್ಲು ಚುಳ್ಳೆನ್ನುವ ಆ ಹುಳಿ
ನೂರಕ್ಕೆ ನಾಲ್ಕು ಬಿದ್ದರೆ ಸಾಕು,
ಮಲಗಿದ ಮೂವರೂ ಎದ್ದು ಕೂರುತ್ತಾರೆ.

ಕೊಯ್ಲಿನ ವಾರ ಅತ್ತೆ ಔರೆನ್ಸೆಯ ಆಸ್ಪತ್ರೆಯಲ್ಲಿದ್ದಳು.
ಜ್ವರ ಅವಳನ್ನು ಬಿಟ್ಟಿತು, ಮೂಗನ್ನು ಒಯ್ದಿತು.
ಕಾಫಿ ಈಗ ಬಿಸಿನೀರು, ಹುರಿದ ಸಾರ್ಡೀನು ಒದ್ದೆ ರಟ್ಟು.
ಊರಿಗೆ ಗೊತ್ತಿಲ್ಲ. ನನಗೆ ಗೊತ್ತು,
ಅದಕ್ಕೇ ಇವತ್ತು ಬೆರಕೆಯ ದಿನ
ಅವಳು ಬುಟ್ಟಿ ಮಗುಚಿ ಅದರ ಮೇಲೆ ಕೂತು
ನನ್ನ ಮುಖ ನೋಡುತ್ತಾಳೆ:
ನನ್ನ ಹುಬ್ಬು ಈಗ ಅವಳ ಮೂಗು.

ಹಿಡಿಯಿಲ್ಲದ ಬಿಳಿ ಪಿಂಗಾಣಿ ಬಟ್ಟಲು.
ಗಾಜು ಇಲ್ಲಿ ನೆಂಟರಿಗೆ.
ಮೊದಲನೆಯದು ಕುಡಿದೆ. "ಲೌರೇಯ್ರಾ ಹೆಚ್ಚಾಯಿತು," ಅಂದಳು.
ಹೌದು, ಹೆಚ್ಚಾಗಿತ್ತು.
ಎರಡನೆಯದಕ್ಕೆ ತಲೆಯಾಡಿಸಿದಳು, ನನಗಿಂತ ಮೊದಲೇ.
ಮೂರನೆಯದಕ್ಕೆ ಮುಖವನ್ನು
ಗೋಡೆಯಂತೆ ಇಟ್ಟುಕೊಂಡೆ.

"ಕೊಡು ಇಲ್ಲಿ," ಅಂದಳು.
ಕುಡಿದಳು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ
ಮಂಜು ಇನ್ನೊಂದು ಮೆಟ್ಟಿಲು ಹತ್ತುವಷ್ಟು ಹೊತ್ತು ಸುಮ್ಮನಿದ್ದಳು.
"ಹುಳಿ ನಾಲಿಗೆಯ ಸ್ವತ್ತು ಮಗಳೇ, ಮೂಗಿನದಲ್ಲ.
ಇದು ಲಾದೊ ಅಲ್ಲ. ಇದು ಅಂಗಡಿಯದು."

ಏಪ್ರನ್ನಿನ ಜೇಬಲ್ಲಿ ಹುಳಿಪುಡಿಯ ಪೊಟ್ಟಣ
ಒಮ್ಮೆಗೇ ಕಲ್ಲಿನಷ್ಟು ಭಾರವಾಯಿತು.

ಎದ್ದು ಹೋಗಿ ಬೆರಳ ಗೆಣ್ಣಿನಿಂದ ಕ್ಯಾನು ತಟ್ಟಿದಳು.
ಮೇಲೆ ಟೊಳ್ಳು, ನಡುವೆ ಟೊಳ್ಳು,
ತಳದಲ್ಲಿ ಮಾತ್ರ ಒಂದಿಷ್ಟು ಉತ್ತರ.
"ಕಾಡುಹಂದಿಯೋ?"
"ಹೂಂ. ಎರಡು ರಾತ್ರಿ. ಗೋಡೆಯನ್ನೂ ಉರುಳಿಸಿದವು."
"ಆರು ತಿಂಗಳಾಯಿತು."
"ಹೂಂ."

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.
ಪೊಟ್ಟಣ ಇಸಿದುಕೊಂಡು, ಬೆರಕೆಯ ಬಟ್ಟಲನ್ನು ಮೋರಿಗೆ ಸುರಿದು,
ಲಾದೊ ಎಂಬ ಅಕ್ಷರದ ಪಕ್ಕ
ಸೀಮೆಸುಣ್ಣದಲ್ಲಿ ಒಂದು ಎಂದು ಬರೆದಳು.
ನೂರಕ್ಕೆ ಒಂದು. ಇದ್ದದ್ದು ಅಷ್ಟೇ.
"ಈ ವರ್ಷದ್ದು ಸ್ವಲ್ಪ ಮಲಗಿಯೇ ಇರುತ್ತದೆ.
ಇರಲಿ. ನಾನೂ ಮಲಗಿದ್ದೆನಲ್ಲ."

ಆಮೇಲೆ, ಬಟ್ಟಲು ತೊಳೆಯುತ್ತ,
ಬೆನ್ನು ನನ್ನ ಕಡೆ ಮಾಡಿಕೊಂಡೇ:
"ನಾಳೆ ಆ ಗೋಡೆ ಕಟ್ಟೋಣ.
ಕಲ್ಲುಗಳು ಅಲ್ಲೇ ಬಿದ್ದಿರುತ್ತವೆ.
ಹಂದಿ ಕಲ್ಲು ತಿನ್ನುವುದಿಲ್ಲ."