ನೀರಿನ ಬಿಲ್ಲು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ.
ಪಡುವಾರಹಳ್ಳಿಯ ನಮ್ಮ ತಾರಸಿ ಮೇಲಿನ ಒಂಟಿ ರೂಮಿಗೆ
ಹುಣಸೂರಿನ ಹುಡುಗಿ ಇದ್ದಾಗ ನಾಲ್ಕು ಸಾವಿರ.
ಇವಳು ಗೇಟಿನ ಹತ್ತಿರ ಬಂದು ನಿಂತ ಕೂಡಲೆ
ನಾಲಿಗೆ ತಾನಾಗಿಯೇ ಐದು ಅಂದಿತು.
ಅಡ್ವಾನ್ಸು ಹತ್ತು ತಿಂಗಳದ್ದು. ಸಿ ಫಾರಮ್ಮಿನ ಓಡಾಟ ಬೇರೆ.
ಫಾರಿನ್ನವರಲ್ಲವಾ, ದುಡ್ಡಿರುತ್ತೆ.

ಹೆಸರು ತುಮೈನಿ. ಟಾಂಜಾನಿಯಾದ ಎಂಬೇಯಾ ಊರು.
ನನ್ನ ಬಾಯಲ್ಲಿ ಹೊರಳದೆ ಅದು ತುಂಬಿ ಆಯಿತು.
ಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಓದುವ ತುಂಬಿ
ರಾತ್ರಿ ನಾಲ್ಕು ಬಿಸ್ಕತ್ತು ತಿಂದು ಮಲಗುತ್ತಾಳೆ ಅಂತ
ನನಗೆ ಹೇಳಿದ್ದು ಕಸದ ಬುಟ್ಟಿ.

ಅವಳದೊಂದು ಗೀಟಿನ ಪುಸ್ತಕ.
ಎಡಗಡೆ ರೂಪಾಯಿ, ಬಲಗಡೆ ಅವರ ಶಿಲ್ಲಿಂಗು.
ಒಂದು ಎಳನೀರು ಬಲಗಡೆಗೆ ದಾಟುವಷ್ಟರಲ್ಲಿ
ಸಾವಿರದ ಮೇಲಕ್ಕೆ ಊದಿಕೊಳ್ಳುತ್ತದೆ.
‘ಕುಡಿಯಲಿಲ್ಲ ಆಂಟಿ, ಬರೆದು ನೋಡಿದೆ ಅಷ್ಟೆ.’
ಅಲ್ಲಿ ಅಕ್ಕ ಹಳೇ ಬಟ್ಟೆ ಮಾರಿ ಕಳಿಸುವ ದುಡ್ಡು
ಡಾಲರಾಗಿ ಹಾರಿ ರೂಪಾಯಾಗಿ ಇಳಿಯುವ ಹೊತ್ತಿಗೆ
ಎರಡೂ ಕಡೆ ಒಂದಿಷ್ಟು ಪುಕ್ಕ ಉದುರಿರುತ್ತದಂತೆ.

ಒಂದು ಶನಿವಾರ ಇಬ್ಬರೂ ದೇವರಾಜ ಮಾರ್ಕೆಟ್ಟಿಗೆ ಹೊರಟೆವು.
ಕಂಡಕ್ಟರು ನನ್ನ ಆಧಾರ್ ನೋಡಿ ಸೊನ್ನೆ ಟಿಕೆಟ್ಟು ಕೊಟ್ಟ,
ಅವಳಿಗೆ ಹದಿನೈದು.
ಒಂದೇ ಸೀಟು,
ಒಂದೇ ಹಳ್ಳಕ್ಕೆ ಇಬ್ಬರೂ ಎಗರಿಬಿದ್ದೆವು.
ನನ್ನ ಸೊನ್ನೆಯನ್ನು ಇಸಕೊಂಡು ಬಹಳ ಹೊತ್ತು ನೋಡಿದಳು.
ಬರುವಾಗ ನಡೆದೇ ಬರೋಣ ಅಂದಳು.
ದಾರಿಯುದ್ದಕ್ಕೂ ಬಸ್ಸುಗಳ ಹಣೆ ತೋರಿಸಿ ಕೇಳಿದಳು,
ಇದೆಷ್ಟು, ಅದೆಷ್ಟು,
ಕನ್ನಡದ ಒಂದು ಯಾಕೆ ಮುರಿದ ಸೊನ್ನೆಯ ಹಾಗಿದೆ?

ಮಾರ್ಕೆಟ್ಟಿನಲ್ಲಿ ಎಂಟು ಗಂಟೆ ಮೇಲೆ ಗುಡ್ಡೆ ಲೆಕ್ಕ.
ಬೀನ್ಸು ಇಪ್ಪತ್ತು, ಮೆತ್ತಗಾದ ಟೊಮೇಟೊ ಹತ್ತು.
‘ಕೊಸರು ಹಾಕಿ ಅಣ್ಣ’ ಅಂದಳು, ನಾನು ಕಲಿಸಿರಲಿಲ್ಲ.
ಆಮೇಲೆ ದಿನಸಿ ಅಂಗಡಿಯ ಬಾಗಿಲಲ್ಲಿ
ರಾಗಿ ಚೀಲಕ್ಕೆ ಮಣಿಕಟ್ಟಿನವರೆಗೆ ಕೈ ಇಳಿಸಿ
ತೆಗೆಯದೆ ನಿಂತುಬಿಟ್ಟಳು.
ಉಲೇಜಿ, ಅಂದಳು. ಉಲೇಜಿ.
ಎರಡು ಕೆಜಿ ಕಟ್ಟಿಸಿಕೊಂಡಳು.
ಅದಕ್ಕೆ ಮಾತ್ರ ಬಲಗಡೆ ಏನೂ ಬರೆಯಲಿಲ್ಲ.

(ಅವಳು ಅದನ್ನು ತೆಳ್ಳಗೆ ಕಾಯಿಸಿ ಸಕ್ಕರೆ ಸುರಿದು ಕುಡಿಯುತ್ತಾಳೆ.
ಮಂಡ್ಯದ ಮಗಳು ನಾನು, ಸಕ್ಕರೆಯ ಊರು ನನ್ನದು,
ಆದರೂ ಮುಖ ಕಿವುಚಿದೆ.
ನನ್ನ ಮುದ್ದೆ ನೋಡಿ ಅವಳೂ ಕಿವುಚಿದಳು. ಸಾಟಿ.)

ಭಾನುವಾರ ತಾರಸಿಯಲ್ಲಿ ಗೆಳತಿಯರ ತಲೆಗೆ
ಸಣ್ಣ ಸಣ್ಣ ಜಡೆ ಹೆಣೆಯುತ್ತಾಳೆ, ಐದು ತಾಸು, ಆರು ತಾಸು.
ಒಬ್ಬಳು ಎಣ್ಣೆ ತರುತ್ತಾಳೆ, ಒಬ್ಬಳು ಅಕ್ಕಿ.
ಬಟ್ಟೆ ಒಣಹಾಕಲು ಹೋದ ನಾನು
ಅವಳ ಬೆರಳ ತುದಿಗಳು ಬಿರಿದಿದ್ದನ್ನು ನೋಡಿದೆ.
ನೋಡಿ ಇಳಿದುಬಂದೆ.

ಐದನೇ ತಾರೀಖು ಬಾಡಿಗೆ ತಂದಳು.
ಒಂದು ನೋಟಿಗೆ ಸೆಲ್ಲೋಟೇಪು.
ಎಣಿಸುತ್ತ ಎಣಿಸುತ್ತ ಸಾವಿರ ವಾಪಸು ತಳ್ಳಿದೆ.
‘ಯಾಕೆ ಆಂಟಿ?’
‘ಈ ಸಲ ನೀರಿನ ಬಿಲ್ಲು ಕಡಿಮೆ ಬಂತು ಕಣೆ.’
ನಿಜ ಒಪ್ಪಿಕೊಳ್ಳುವುದಕ್ಕಿಂತ ಸಾವಿರ ಅಗ್ಗ ಅನ್ನಿಸಿತ್ತು.

ತುಂಬಿ ನಗಲಿಲ್ಲ. ಗೋಡೆಯ ಕ್ಯಾಲೆಂಡರಿಗೆ ಹೋದಳು,
ಹಾಲು, ಗ್ಯಾಸು, ಚೀಟಿ ಅಂತ ನಾನು ಗೀಚುವ ಜಾಗಕ್ಕೆ.
ಬೆರಳಿಟ್ಟು ಒಂದೊಂದೇ ಓದಿದಳು, ನನ್ನದೇ ಕೈಬರಹ:
ನೀರು. ಮೂರು. ಎರಡು. ಎಂಟು.
‘ಇಡೀ ಬಿಲ್ಲೇ ಮುನ್ನೂರ ಇಪ್ಪತ್ತೆಂಟು, ಆಂಟಿ.’

ಇಪ್ಪತ್ತು ವರ್ಷ ಬೀದಿಗೆಲ್ಲ ಚೀಟಿ ನಡೆಸಿದವಳು ನಾನು.

ಅವಳು ಪುಸ್ತಕ ತೆರೆದು ಎಡಗಡೆ ಬರೆದುಕೊಂಡಳು, ೧೦೦೦,
ಒಂದು ಮುರಿದ ಸೊನ್ನೆ, ಮೂರು ಗಟ್ಟಿ ಸೊನ್ನೆ.
ಪೆನ್ನು ಮುಚ್ಚಲಿಲ್ಲ.
‘ಹಾಗಾದರೆ ಆಂಟಿ, ಹೋದ ಏಳು ತಿಂಗಳೂ
ನೀರು ಜಾಸ್ತಿ ಬಂದಿತ್ತಾ?’

ಹಾಲು ಉಕ್ಕುತ್ತಿದೆ ಅಂತ ಒಳಗೆ ಓಡಿದೆ.
ಒಲೆ ಹಚ್ಚಿರಲಿಲ್ಲ.