ಗಂಟೆಗೊಮ್ಮೆ

ಕಾಗದದ ಮೇಲೆ ಮೂರು ಮನೆ ಗೆರೆ ಹಾಕಿಕೊಂಡಿದ್ದೆ:
ಬಣ್ಣ, ಬಿಸಿ, ಸದ್ದು.
ಗಂಟೆಗೊಮ್ಮೆ ತುಂಬಬೇಕು.

ಹನ್ನೊಂದನೇ ಬೆಡ್ಡು. ಮೌಲಾಲಿ, ನಲವತ್ತಾರು,
ಬಳ್ಳಾರಿ ಕೌಲ್ ಬಜಾರಿನ ಜೀನ್ಸ್ ಕಟಿಂಗ್ ಮಾಸ್ತರ.
ಇಪ್ಪತ್ತು ವರ್ಷ ಎಡಗಡೆ ಒತ್ತಿಟ್ಟ ಗುಟ್ಕಾ
ದವಡೆಯನ್ನೇ ತಿಂದು ಹಾಕಿತ್ತು.
ಹಿಂದಿನ ದಿನ ಹತ್ತು ತಾಸು ನಿಂತು
ಕಾಲಿನ ಸಣ್ಣೆಲುಬು ತೆಗೆದು, ಎರಡು ಕಡೆ ಕೊಯ್ದು, ಬಾಗಿಸಿ
ಗದ್ದ ಮಾಡಿದ್ದರು.
ಕೆನ್ನೆಗೆ ಮೀನಖಂಡದ ಬದಿಯ ಚರ್ಮದ ತೇಪೆ.
ಅದರ ಮೇಲೆ ಎರಡು ಕೂದಲು ಉಳಿದುಬಿಟ್ಟಿದ್ದವು,
ಇನ್ನೂ ಕಾಲಲ್ಲೇ ಇದ್ದೇವೆ ಅಂದುಕೊಂಡು.

ಒಳಗೆ ರಕ್ತ ಬರಲು ಒಂದು ದಾರಿ,
ಹೋಗಲು ಎರಡು.
"ಬರೋದು ಬರ್ತದ ಸಿಸ್ಟರ್,
ಹೋಗೋದರ ಮ್ಯಾಲೆ ಕಣ್ಣಿಡ್ರಿ" ಅಂದಿದ್ದರು
ಎರ್ರಿಸ್ವಾಮಿ ಡಾಕ್ಟರು, ಚಪ್ಪಲಿ ಹುಡುಕುತ್ತ.

ಹನ್ನೆರಡಕ್ಕೆ: ತಿಳಿಗೆಂಪು, ಬೆಚ್ಚಗೆ, ಸದ್ದಿದೆ.
ಒಂದಕ್ಕೆ: ಅದೇ.
ಎರಡಕ್ಕೆ ಡಾಪ್ಲರ್ ಕಡ್ಡಿ ಇಟ್ಟೆ.
ಹೊಲಿಗೆ ಮಿಷನ್ನಿನ ಹಾಗೆ ಟಕ್ ಟಕ್ ಬರುತ್ತಲೇ ಇತ್ತು,
ಅದರ ಹಿಂದೆ ಬೀಸುವ ಗಾಳಿಯಂಥ ಸದ್ದು ಮಾತ್ರ ಇಲ್ಲ.
ಟಾರ್ಚು ಹಿಡಿದೆ. ತೇಪೆ ಉಬ್ಬಿತ್ತು,
ಬದನೆಕಾಯಿ ಬಣ್ಣ.
ಸೂಜಿ ಚುಚ್ಚಿದರೆ
ಕಾದು ಕೂತಿದ್ದ ಹಾಗೆ ನುಗ್ಗಿತು, ಕಪ್ಪು ರಕ್ತ.

ಸಂಡೂರಿನ ಅದಿರು ಲಾರಿಗಳು ರೈಲ್ವೆ ಗೇಟಿನಲ್ಲಿ
ಸಾಲುಗಟ್ಟಿ ನಿಂತದ್ದು ನೋಡಿದ್ದೇನೆ.
ಹಿಂದಿನವು ಬರುತ್ತಲೇ ಇರುತ್ತವೆ,
ಮುಂದಿನದು ಅಲುಗುವುದಿಲ್ಲ.
ಹಾರನ್ನು ಹೊಡೆದರೆ ಗೇಟು ತೆರೆಯುವುದಿಲ್ಲ.

ಫೋನು ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಬಂದರು,
ಅಂಗಿ ಗುಂಡಿ ಒಂದು ಮೇಲೆ ಒಂದು ಕೆಳಗೆ.
ಹೊರಗೆ ಬೆಂಚಿನಿಂದ ಖಾಸಿಂಬೀ ಎದ್ದು ನಿಂತಳು:
"ಹೆಪ್ಪುಗಟ್ಟೇತೇನ್ರೀ? ಜಿಗಣಿ ಹಚ್ಚಿದ್ರ ಎಳಿತಾವಂತಲ್ಲ.
ನಮ್ಮ ಸಿರುಗುಪ್ಪದ ಗದ್ದ್ಯಾಗ ಬೇಕಾದಷ್ಟದಾವು,
ನಾಟಿಗೆ ಹೋದಾಗ ಕಾಲಿಂದ ಕಿತ್ತು ಕಿತ್ತು ಒಗದೀನಿ."
ಡಾಕ್ಟರು ನಗಲಿಲ್ಲ.
"ಅದೂ ಐತವ್ವ. ಆದ್ರ ಗದ್ದೀವು ಬ್ಯಾಡ.
ಮೊದ್ಲು ಬಿಚ್ಚಿ ನೋಡ್ತೀವಿ."

ಬಿಚ್ಚಿದರು. ಆಮೇಲೆ ತಟ್ಟೆಯಲ್ಲಿ ತೋರಿಸಿದರು:
ಅಕ್ಕಿಕಾಳಿಗಿಂತ ತುಸು ಉದ್ದ, ಅಷ್ಟೇ.
ಹೆಪಾರಿನ್ ನೀರಿನಲ್ಲಿ ನಾಳ ತೊಳೆದು
ಮತ್ತೆ ಹೊಲಿದಿದ್ದರು.
ದಿನಾ ರಾತ್ರಿ ಹಾಲಿಗೆ ಹೆಪ್ಪು ಹಾಕುವ ಕೈ ನನ್ನದು.
ಆ ಮಾತನ್ನು ಈಗ
ಬೇರೆ ಕಿವಿಯಿಂದ ಕೇಳುತ್ತೇನೆ.

ಬೆಳಗಿನ ಐದೂವರೆಗೆ: ತಿಳಿಗೆಂಪು.
ಕಿಟಕಿಯಾಚೆ ಕೋಟೆಗುಡ್ಡದ ಬಂಡೆ
ಯಾವ ಬಣ್ಣವಿತ್ತೋ, ನಾನು ನೋಡಲಿಲ್ಲ.

ಇವತ್ತಿಗೆ ನಾಲ್ಕನೇ ದಿನ.
ಗಂಟಲ ತೂತಿನಲ್ಲಿ ನಳಿಗೆ, ಮಾತಿಲ್ಲ.
ಸನ್ನೆ ಮಾಡಿ ಪಾಟಿ ಇಸಕೊಂಡು ಬರೆದ:
ಯಾವ ನಂಬರ್ ದಾರ?
"ಒಂಬತ್ತು ಸೊನ್ನೆ" ಅಂದರು ಡಾಕ್ಟರು,
"ತಲೆಗೂದಲಿಗಿಂತ ಸಣ್ಣದು."
ಮೌಲಾಲಿ ಬಹಳ ಹೊತ್ತು ಸೂರು ನೋಡಿದ,
ಅಂಗೈಯಲ್ಲಿ ಒರೆಸಿ ಮತ್ತೆ ಬರೆದ:
ಡಬಲ್ ಹೊಲಿಗಿ ಹಾಕೀರಿಲ್ಲೋ?

ಇಷ್ಟು ಹೇಳುವುದರೊಳಗೆ ಗಂಟೆಯಾಯಿತು.
ತಡೀರಿ, ನೋಡಿ ಬರುತ್ತೇನೆ.